ಬೈಕಿಗೆ ಇಬ್ಬರ ಮಾತು

"ಮನ್ಯಾಗ ಮಾತಾಡೋರು ಎಷ್ಟ ಮಂದಿ ಅದೀರಿ, ಅಕ್ಕಾರ?" ಚಾರ್ಜರ್ ತೋರಿಸುವ ಮೊದಲು ಎಲ್ಲ ಗಿರಾಕಿಗಳನ್ನೂ ಕೇಳುವಂತೆ ಇಮಾಮಸಾಬ್ ಗೌರಕ್ಕನನ್ನೂ ಕೇಳಿದ.

ಬ್ಯಾಟರಿಗಳು ಜನರ ಮಾತಿನಿಂದಲೇ ತುಂಬತೊಡಗಿ ಹನ್ನೊಂದು ವರ್ಷವಾಗಿತ್ತು. ಕಾರಿನ ಬ್ಯಾಟರಿಗೆ ನಾಲ್ವರ ಹರಟೆ ಬೇಕು, ಬೈಕಿನದಕ್ಕೆ ಇಬ್ಬರದು ಸಾಕು.

ಗೌರಕ್ಕ ಖಾಲಿಯಾದ ಬೈಕ್ ಬ್ಯಾಟರಿಯನ್ನು ಕೌಂಟರಿನ ಮೇಲಿಟ್ಟಳು. "ಒಬ್ಬಾಕಿಗೆ ನಡಿಯೂವಂಥ ಚಾರ್ಜರ್ ಇಲ್ಲೇನ್ರಿ?"

"ಹೇಳಿದ್ದಕ್ಕ ಯಾರರ ತಿರುಗಿ ಹೂಂ ಅನ್ನಬೇಕ್ರಿ. ರೇಡಿಯೋ ಹಚ್ಚಿದ್ರ ಆಗೂದಿಲ್ಲ."

"ಹಚ್ಚಿ ನೋಡೀನಿ," ಎಂದಳು ಗೌರಕ್ಕ.

ಇಮಾಮಸಾಬ್ ಪರೀಕ್ಷಿಸಲೆಂದು ಸಣ್ಣ ಚಾರ್ಜರಿನ ಕ್ಲಿಪ್ಪುಗಳನ್ನು ಬ್ಯಾಟರಿಗೆ ಸಿಕ್ಕಿಸಿದ. ವೈರು, ಫ್ಯೂಸು, ಗ್ಯಾರಂಟಿ ಎಂದು ಒಂದೊಂದಾಗಿ ವಿವರಿಸಿದ. ಅವಳು ಒಂದೊಂದನ್ನೂ ಕೆದಕಿ ಕೆದಕಿ ಕೇಳಿದಳು. ಅಷ್ಟರಲ್ಲಿ ಹಸಿರು ದೀಪ ಹತ್ತಿತು.

"ತುಂಬೇತ್ರಿ ಅಕ್ಕಾರ. ಇವತ್ತ ಚಾರ್ಜರ್ ಬ್ಯಾಡ, ಹಂಗ ಒಯ್ರಿ," ಎಂದು ಅವನು ಕ್ಲಿಪ್ಪು ಬಿಚ್ಚಿದ.

ಗೌರಕ್ಕ ಬ್ಯಾಟರಿಯನ್ನು ಚೀಲಕ್ಕೆ ಹಾಕಿಕೊಂಡು ನಡೆದೇ ಮನೆಗೆ ಬಂದಳು. ಬೈಕು ಮಾರಿ ಎರಡು ವರ್ಷವಾಗಿತ್ತು. ಬ್ಯಾಟರಿಗೆ ಬಲ್ಬು ಸಿಕ್ಕಿಸಿ, ಅದು ಖಾಲಿಯಾಗುವುದನ್ನೇ ಕಾಯುತ್ತ ಕೂತಳು. ಪೇಟೆಯಲ್ಲಿ ಅವಳು ಹೋಗದ ಬ್ಯಾಟರಿ ಅಂಗಡಿ ಇನ್ನೊಂದೇ ಉಳಿದಿತ್ತು.