ಬಾಗಿಲ ತನಕದ ಸಿನಿಮಾ

ದುಂಡೇಶ ತಂಗಿಯ ಮನೆಗೆ ಬಂದ, ಆದರೆ ಒಳಗೆ ಬರಲಿಲ್ಲ. ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿದ್ದ ಮನುಷ್ಯ. ತೆಲಸಂಗದಿಂದ ಬಂದವನು ಕಟ್ಟೆಯ ಮೇಲೆಯೇ ಕಾಲು ಮಡಚಿ ಕುಳಿತ. ಸೀಮಾ ಏನು ಮಾಡಬೇಕು? ಟಿವಿಯನ್ನೇ ಬಾಗಿಲ ಕಡೆ ತಿರುಗಿಸಿದಳು. ಒಳಗೆ ಕುರ್ಚಿಯಲ್ಲಿ ಗಂಡ ಸಂಜಯ, ಹೊರಗೆ ಕಟ್ಟೆಯಲ್ಲಿ ಅಣ್ಣ. ಹಾರೂಗೇರಿ ಬಜಾರೆಲ್ಲ ಹುಡುಕಿ ತಂದ ಡಿವಿಡಿಯನ್ನು ಸೆರಗಿನಿಂದ ಒರೆಸಿ ಹಾಕಿದಳು.

ಇವರ ಜಗಳ ಹೊಲದ್ದಲ್ಲ, ಮನೆಯದ್ದಲ್ಲ, ಸಿನಿಮಾದ್ದು. ಹೇಳಿದರೆ ಮಂದಿ ನಗುತ್ತಾರೆ, ನಗಲಿ. ಸೀಮಾಳ ಮಗಳು ಪ್ರಾಜಕ್ತಾ ಇನ್ನೂ ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ ಇಬ್ಬರೂ ಅಥಣಿಗೆ ಹೋಗಿ ಅದನ್ನು ನೋಡಿದ್ದರು. ಬೇರೆ ನಕ್ಷತ್ರಕ್ಕೆ ಹೋದವನೊಬ್ಬ ಹರೆಯದವನಾಗಿಯೇ ತಿರುಗಿ ಬರುತ್ತಾನೆ. ಅಷ್ಟರಲ್ಲಿ ಭೂಮಿಯ ಮೇಲೆ ಅವನ ತಂಗಿ ಹಣ್ಣು ಮುದುಕಿ. ಅವನು ಬಂದು ಅವಳ ಬಾಗಿಲು ಬಡಿಯುತ್ತಾನೆ. ಅಲ್ಲಿಗೆ ಇವರಿಬ್ಬರೂ ಎದ್ದು ಓಡಿದ್ದರು, ಸಂಜಯನ ಊರಿನ ಕಡೆಯ ಕೊನೆ ಬಸ್ಸು, ಅನಂತಪುರದ ವಸ್ತಿ ಬಸ್ಸು, ತಪ್ಪುತ್ತದೆಂದು.

ನೋಡದೇ ಬಿಟ್ಟ ಕೊನೆಯ ಮೇಲೆ ಬಸ್ಸಿನಲ್ಲಿ ಜಗಳ ಹತ್ತಿತು. ತಂಗಿ ಗುರುತು ಹಿಡಿದೇ ಹಿಡಿಯುತ್ತಾಳೆ ಎಂದ ದುಂಡೇಶ. ಮೀಸೆ ಮೂಡುವ ಹುಡುಗನನ್ನು ಕಂಡು ಅಣ್ಣಾ ಎನ್ನಲು ಮುದುಕಿಗೇನು ಹುಚ್ಚೇ ಎಂದ ಸಂಜಯ. ಬಸ್ಸಿನ ತುಂಬ ಅದೇ ಸಿನಿಮಾದಿಂದ ಓಡಿಬಂದವರು; ಅರ್ಧ ಮಂದಿ ಇವನ ಕಡೆ, ಅರ್ಧ ಅವನ ಕಡೆ. ಕೊನೆ ನೋಡಿದವರು ಒಬ್ಬರೂ ಇರಲಿಲ್ಲ, ಏಕೆಂದರೆ ನೋಡಿದವರಿಗೆ ಬಸ್ಸು ಸಿಕ್ಕಿರಲಿಲ್ಲ. ಮಾತಿಗೆ ಮಾತು ಬೆಳೆದು, ನಿಮ್ಮ ಮನೆತನಕ್ಕೇ ತಲೆ ಕಡಿಮೆ ಎಂದು ಸಂಜಯ ಎಲ್ಲರ ಎದುರಿಗೆ ಅಂದುಬಿಟ್ಟ. ದುಂಡೇಶ ನಡುದಾರಿಯಲ್ಲೇ ಬಸ್ಸು ನಿಲ್ಲಿಸಿ ಇಳಿದ, ಆಣೆ ಮಾಡಿದ್ದು ಆಗಲೇ.

ಈಗ ಪ್ರಾಜಕ್ತಾಳ ಲಗ್ನ ಗೊತ್ತಾಗಿದೆ. ಅಕ್ಷತೆ ಬೀಳುವಾಗ ಮದುಮಗಳ ಬೆನ್ನಿಗೆ ಸೋದರಮಾವ ನಿಲ್ಲಬೇಕು, ಇರುವವನು ಇವನೊಬ್ಬನೇ. ಸಿನಿಮಾದಲ್ಲಿ ಇದ್ದದ್ದು ಇದ್ದಹಾಗೆ ನೋಡಿ, ಸೋತವನು ತಪ್ಪೊಪ್ಪಬೇಕು ಎಂದು ಸೀಮಾಳೇ ಇಬ್ಬರನ್ನೂ ಒಪ್ಪಿಸಿದ್ದಳು. ಡಿಸ್ಕು ಸಿಕ್ಕ ಖುಷಿಯಲ್ಲಿ ಒಂದು ವಿಚಾರ ಹೊಳೆದಿರಲಿಲ್ಲ. ಸಿನಿಮಾ ಮುಕ್ಕಾಲು ಆದಾಗ ಹೊಳೆಯಿತು. ಅಣ್ಣ ಸೋತರೆ ಲಗ್ನಕ್ಕೆ ಬರುವವನಲ್ಲ, ಗಂಡ ಸೋತರೆ ಕರೆಯುವವನಲ್ಲ. ಯಾರು ಗೆದ್ದರೂ ಮಗಳ ಬೆನ್ನ ಹಿಂದೆ ಖಾಲಿ.

ಇಬ್ಬರ ನಡುವಿನ ಮಾತೆಲ್ಲ ಸೀಮಾಳ ಮೂಲಕವೇ. ನಿಮ್ಮ ಅಣ್ಣನಿಗೆ ಚಹಾ ಬೇಕೇನು ಕೇಳು ಎಂದು ಸಂಜಯ ಸೀಮಾಳಿಗೆ ಹೇಳಿದ. ಬೇಡವೆಂದು ಹೇಳು ಎಂದು ದುಂಡೇಶನೂ ಸೀಮಾಳಿಗೇ ಹೇಳಿದ. ಟಿವಿಯಲ್ಲಿ ಆ ಹುಡುಗ ಬಾಗಿಲ ಮುಂದೆ ಬಂದು ನಿಂತ. ಅದೇ ಹೊತ್ತಿಗೆ ಸಂಜಯನ ಮೊಬೈಲು ಬಡಿದುಕೊಂಡಿತು. ತೋಟಕ್ಕೆ ತ್ರೀಫೇಸ್ ಕರೆಂಟು ಬಂದಿದೆಯೆಂದು ಮೋಟಾರಿನ ಸ್ಟಾರ್ಟರ್ ಸುದ್ದಿ ಕಳಿಸಿತ್ತು. ಮೊಬೈಲಿನಿಂದಲೇ ಮೋಟಾರು ಶುರು ಮಾಡಲು ನೋಡಿದ, ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಬೋರಿಗೆ ಒಂದು ಬೈಗುಳ ಬಿತ್ತು.

ಕಟ್ಟೆಯ ಮೇಲಿನವನಿಗೆ ತಡೆಯಲಾಗಲಿಲ್ಲ. “ನೀರಿಲ್ಲಂತ ತೋರ್ಸಾಕತ್ತೈತೇನ್ರಿ?”

“ಹೌದ್ರಿ. ನೀರ ಭರಪೂರ ಐತಿ, ಇದು ಮಾತ್ರ ಇಲ್ಲಂತೈತಿ. ದ್ರಾಕ್ಷಿ ಒಣಗಾಕತ್ತೈತಿ.”

“ನಂದೂ ಇದ ಸ್ಟಾರ್ಟರ್. ಕೊಡ್ರಿಲ್ಲೆ.”

ದುಂಡೇಶ ಎದ್ದು ಒಳಗೆ ಬಂದು ಮೊಬೈಲು ಇಸಿದುಕೊಂಡ. ಹೊಸ್ತಿಲು ದಾಟಿದ್ದು ಅವನಿಗೆ ಗೊತ್ತಾಗಲಿಲ್ಲ. ಸೀಮಾಳಿಗೆ ಗೊತ್ತಾಯಿತು. ಮೊಬೈಲಿನಿಂದ ಆಗುವ ಕೆಲಸವಲ್ಲ ಎಂದು ಇಬ್ಬರೂ ನಟ್ಟು ಬಿಚ್ಚಲು ಒಂದೇ ಪಾನಾ ಹುಡುಕಿಕೊಂಡು ತೋಟಕ್ಕೆ ಹೋದರು. ಸಿನಿಮಾ ನಿಲ್ಲಿಸು ಎನ್ನುವುದು ಒಬ್ಬನಿಗೂ ನೆನಪಾಗಲಿಲ್ಲ.

ಟಿವಿಯಲ್ಲಿ ಮುದುಕಿ ಬಾಗಿಲು ತೆರೆದಳು. ಆ ಹುಡುಗನನ್ನು ಬಹಳ ಹೊತ್ತು ನೋಡಿದಳು. ಚಿಲಕ ಹಾಕದೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಹೋದಳು. ಮುಗಿಯಿತು, ಅಣ್ಣ ಸೋತ ಎಂದುಕೊಂಡಳು ಸೀಮಾ. ಆದರೆ ಮುದುಕಿ ಅಡುಗೆಮನೆಯಲ್ಲಿ ಊಟಕ್ಕೆ ಒಂದು ತಾಟು ಇಟ್ಟಳು, ಸ್ವಲ್ಪ ತಡೆದು ಅದರ ಪಕ್ಕಕ್ಕೆ ಇನ್ನೊಂದು ಇಟ್ಟಳು. ಸಿನಿಮಾ ಅಲ್ಲಿಗೆ ಮುಗಿಯಿತು. ಅಣ್ಣನದೇ ಖರೆ. ಸೀಮಾ ಸೆರಗು ಬಾಯಿಗೆ ಒತ್ತಿಕೊಂಡು ಗಳಗಳ ಅತ್ತಳು.

ಅಳು ನಿಂತಾಗ ತೋಟದಿಂದ ಮೋಟಾರಿನ ಸಪ್ಪಳ ಕೇಳಿತು, ಅದರ ಹಿಂದೆಯೇ ಇಬ್ಬರ ನಗು. ಅವಳು ಡಿಸ್ಕು ತೆಗೆದುಕೊಂಡು ಬಚ್ಚಲಿಗೆ ಹೋದಳು. ಭಾಂಡೆ ತಿಕ್ಕುವ ತಂತಿಯಿಂದ, ತಳ ಹತ್ತಿದ ಹಾಲಿನ ಪಾತ್ರೆ ತಿಕ್ಕಿದಂತೆ, ಸಿನಿಮಾದ ಕೊನೆ ಇರುವ ಅದರ ಅಂಚಿನ ಸುತ್ತ ಗಸಗಸ ತಿಕ್ಕಿದಳು.

ಕೆಸರುಗಾಲಿನಲ್ಲಿ ಬಂದವರು ಕೊನೆಗೆ ಏನಾಯಿತೆಂದು ಕೇಳಿದರು. ಸೀಮಾ ಹಾಕಿ ತೋರಿಸಿದಳು. ಹುಡುಗ ಬಾಗಿಲಿಗೆ ಬಂದ, ಚಿತ್ರ ಚೂರುಚೂರಾಗಿ ನಿಂತುಬಿಟ್ಟಿತು.

“ಗೆರಿ ಬಿದ್ದಾವ್ರಿ. ಬಾಗಲಾ ತನಕ ಬರ್ತೈತಿ, ಮುಂದ ಹೋಗವಲ್ದು,” ಎಂದಳು.

ಇಷ್ಟು ವರ್ಷಗಳಲ್ಲಿ ಮೊದಲ ಸಲ ಇಬ್ಬರದೂ ಒಂದೇ ಅಭಿಪ್ರಾಯವಾಯಿತು: ಡಿಸ್ಕು ಮಾರಿದವನು ಲುಚ್ಚಾ. ಪಾಪ, ಆ ಅಂಗಡಿಯವನ ಹಿಂದಿನವರನ್ನೂ ಬಿಡದೆ ಬೈದರು. ಲಗ್ನ ಮುಗಿಸಿಕೊಂಡು ಇಬ್ಬರೂ ಕೂಡಿಯೇ ಹೋಗಿ ಅವನ ಕೊರಳಪಟ್ಟಿ ಹಿಡಿಯೋಣ ಎಂದ ಸಂಜಯ. ಅಕ್ಷತೆಯ ದಿನ ಮುಂಜಾನೆಯೇ ಬರ್ರಿ ಎಂದೂ ಸೇರಿಸಿದ. ದುಂಡೇಶ ಹೂಂ ಎಂದ.

ಸಂಜಯ ಕೈಕಾಲು ತೊಳೆಯಲು ಹೋದ ಮೇಲೆ ದುಂಡೇಶ ಅಡುಗೆಮನೆಗೆ ಬಂದ. ದನಿ ತಗ್ಗಿಸಿ ಕೇಳಿದ: “ತಂಗಿ, ನೀ ಒಬ್ಬಾಕೀನ ಕುಂತಿದ್ದಿ. ಖರೆ ಹೇಳ, ಆಕಿ ಗುರ್ತ ಹಿಡದಳೋ ಇಲ್ಲೋ?”

ಸೀಮಾ ಒಂದು ತಾಟು ಇಟ್ಟಳು. ಅದರ ಪಕ್ಕಕ್ಕೆ ಇನ್ನೊಂದು ಇಟ್ಟಳು.

“ಉಣ್ಣಾಕ ಕುಂದ್ರ ಅಣ್ಣಾ,” ಎಂದಳು.