ಬರಿಗೈಯ ಗುರುತು

ಕಾಲೇಜು ಲ್ಯಾಬಿನ ಕುಲುಮೆಯಿಂದ ಅವಳು ತೆಗೆದ ಸ್ಟೀಲ್ ಬಿಲ್ಲೆಯ ಮೇಲೆ ಹೊಂಬಣ್ಣದ ಆಕ್ಸೈಡ್ ಪದರ ಕಟ್ಟಿತ್ತು. ಒಂದು ಅಂಚಿನಲ್ಲಿ ಮಾತ್ರ ನೀಲಿಯಾಗಿ ಹೆಬ್ಬೆರಳ ಗುರುತು. ಪದರವನ್ನು ಅಳೆಯುವ ಇನ್‌ಫ್ರಾರೆಡ್ ಯಂತ್ರ ಬರೆದ ಗೆರೆಯೂ ಅಲ್ಲಿಗೆ ಬಂದಾಗ ಸೊಟ್ಟಗಾಯಿತು. "ಯಾರೋ ಬರಿಗೈಲಿ ಮುಟ್ಟಿದ್ದಾರೆ. ಉಜ್ಜಿ ತೆಗೀಮ್ಮ, ಮತ್ತೆ ಕಾಯಿಸೋಣ" ಎಂದರು ಮೇಷ್ಟ್ರು.

ಅವಳು ಉಜ್ಜುವ ಎಮರಿ ಕಾಗದ ಒತ್ತಲು ಹೋಗಿ ತಡೆದು ನಿಂತಳು. ಗುರುತಿನ ನಡುವೆ ಅಡ್ಡಕ್ಕೊಂದು ಗೀರಿತ್ತು; ಗಂಡನ ಹೆಬ್ಬೆರಳಿಗೆ ಹಿಂದೆ ಗರಗಸ ತಗುಲಿದ ಗಾಯದ ಕಲೆ. ಇದೇ ಲ್ಯಾಬಿನಲ್ಲಿ ಈ ಬಿಲ್ಲೆಗಳನ್ನು ಕತ್ತರಿಸಿ ಡಬ್ಬಿಯಲ್ಲಿಟ್ಟವನೂ ಅವನೇ, ತೀರಿಕೊಳ್ಳುವ ಹಿಂದಿನ ವಾರ.

"ಕೈಗವಸು ಹಾಕ್ಕೊಳ್ಳೋ ಅಂತ ಎಷ್ಟು ಬಡ್ಕೊಂಡೆ ಸರ್" ಎಂದಳು. ಅವನು ಹೋದಮೇಲೆ ಅವಳು ಅವನ ಮಾತೆತ್ತಿದ್ದು ಅದೇ ಮೊದಲು.

ಮೇಷ್ಟ್ರು ಬಗ್ಗಿ ನೋಡಿದರು. "ನನ್ನ ಮಾತೂ ಎಲ್ಲಿ ಕೇಳ್ತಿದ್ದ, ಕಳ್ಳ" ಎನ್ನುತ್ತ ಅವಳ ಕೈಯಿಂದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡರು. "ಬೇರೆ ಬಿಲ್ಲೆ ತಗೋ. ಇದು ನಿನ್ನ ಹತ್ರ ಇರ್ಲಿ."