ಕಾಜಾ ಪಿಂಚಣಿ

ಆಡಿಟರ್ ಮೇಡಂ ಅರ್ಧ ಹೊಲಿದ ಕೋಟು ತೊಟ್ಟು ಕನ್ನಡಿ ಮುಂದೆ ನಿಂತಿದ್ದರು. ಟ್ರಯಲ್ ನೋಡುವಾಗ ನನ್ನ ಬಾಯಿ ತುಂಬ ಗುಂಡುಸೂಜಿ ಇರುತ್ತವೆ. ಆ ಹೊತ್ತಿನಲ್ಲಾದರೂ ಸುಮ್ಮನಿರಬೇಕಿತ್ತು. ಆದರೆ ಸಾಕ್ಷಾತ್ ಆಡಿಟರೇ ಅಂಗಡಿಗೆ ಬಂದಿರುವಾಗ ನನ್ನ ಡಿವಿಡೆಂಡ್ ಸುದ್ದಿ ಹೇಳದಿದ್ದರೆ ಉಂಡದ್ದು ಅರಗುವುದು ಹೇಗೆ? ಸೂಜಿಗಳನ್ನು ತೆಗೆದು ಕೋಟಿನ ಕಾಲರಿಗೆ ಚುಚ್ಚಿಟ್ಟೆ.

"ಈಗ ನಾನೂ ಇನ್ವೆಸ್ಟರ್ ಮೇಡಂ. ಆರು ತಿಂಗಳಾಯ್ತು. ತಿಂಗಳು ತಿಂಗಳು ಡಿವಿಡೆಂಡ್ ಬರುತ್ತೆ, ಕವರಲ್ಲಿಟ್ಟು ನಮ್ಮನೆಯವಳ ಕೈಗೆ ಕೊಡ್ತೀನಿ. ಅವಳನ್ನ ಕಾಜಾ ಕೆಲಸದಿಂದ ರಿಟೈರ್ ಮಾಡ್ಸಿಬಿಟ್ಟೆ!"

ಮೂಲೆಯ ಸ್ಟೂಲಿನಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ನನ್ನ ಹೆಂಡತಿ ನಾಚಿಕೊಂಡು ನಕ್ಕಳು. ಇಪ್ಪತ್ತೆರಡು ವರ್ಷ ಈ ಅಂಗಡಿಯ ಪ್ರತಿ ಗುಂಡಿಗೂ ಕಾಜಾ ಹಾಕಿದವಳು ಅವಳೇ, ಅದೂ ಕೈಯಲ್ಲಿ. ಬೆರಳ ಗಂಟುಗಳು ಊದಿ ಬೆಳಿಗ್ಗೆ ಲೋಟ ಹಿಡಿಯುವುದೂ ಕಷ್ಟವಾಗಿತ್ತು. ಆ ಕೂಲಿಯಲ್ಲೇ ಉಳಿಸಿ ಮೂರು ಲಕ್ಷ ಕೂಡಿಟ್ಟಿದ್ದಳು. ಅದನ್ನು ನಾನು, ಮಹಾ ಬುದ್ಧಿವಂತ, ನನ್ನ ಹೆಸರಿನಲ್ಲಿ ಒಂದು ಮ್ಯೂಚುವಲ್ ಫಂಡಿಗೆ ಹಾಕಿದೆ. ಡಿವಿಡೆಂಡ್ ಬಂದ ದಿನ ಮೂರು ಸಾವಿರವನ್ನು ಕವರಿನಲ್ಲಿಟ್ಟು, "ತಗೋ, ನಿನ್ನ ಪಿಂಚಣಿ" ಎಂದು ಮಹಾರಾಜನ ಗತ್ತಿನಲ್ಲಿ ಕೊಡುತ್ತಿದ್ದೆ. ಅವಳು ಪಾಪ, "ಥ್ಯಾಂಕ್ಸ್ ರೀ" ಅನ್ನುತ್ತಿದ್ದಳು. ಅದೇ ಧೈರ್ಯದ ಮೇಲೆ ಕಾಜಾ ಕೆಲಸವನ್ನು ಹೊರಗೆ ಕೊಡತೊಡಗಿದ್ದೆವು.

"ಫಂಡನ್ನ ಹೇಗೆ ಆರಿಸಿದ್ರಿ ಮಾಸ್ಟರ್?" ಮೇಡಂ ಕೇಳಿದರು.

"ಅದರಲ್ಲೇನಿದೆ? ಪಟ್ಟಿ ನೋಡ್ದೆ. ಯಾವುದು ಎಲ್ಲಕ್ಕಿಂತ ಜಾಸ್ತಿ ಡಿವಿಡೆಂಡ್ ಕೊಡುತ್ತೋ ಅದಕ್ಕೇ ಹಾಕ್ದೆ."

"ಆಮೇಲೆ ಅಸಲು ಎಷ್ಟಿದೆ ಅಂತ ನೋಡಿದ್ರಾ?"

"ನೋಡೋದೇನು? ಹಾಕಿದ್ದು ಹಾಕಿದ ಹಾಗೇ ಇರುತ್ತಲ್ಲ!"

ಮೇಡಂ ಮೇಜಿನ ಮೇಲ್ಗಡೆ ಗೋಡೆಗೆ ಹೊಡೆದಿದ್ದ ಬೋರ್ಡನ್ನು ನೋಡಿದರು. ಕೆಂಪು ಬಣ್ಣದಲ್ಲಿ ನಾನೇ ಬರೆದದ್ದು: 'ಹಳೆ ಅಳತೆಗೆ ಹೊಲಿಯುವುದಿಲ್ಲ.' ಹೋದ ವರ್ಷದ ಅಳತೆಯೇ ಸಾಕು ಅನ್ನುವ ಗಿರಾಕಿಗಳಿಗೆ, "ಹೊಟ್ಟೆ ನಿಮ್ಮ ಮಾತು ಕೇಳುತ್ತಾ ಸ್ವಾಮಿ?" ಎಂದು ರೇಗಿಸಿ ಟೇಪು ಹಿಡಿಯುವ ಆಸಾಮಿ ನಾನು. ಫಂಡಿಗೆ ಮಾತ್ರ ಆರು ತಿಂಗಳಲ್ಲಿ ಒಂದು ಸಲವೂ ಟೇಪು ಹಿಡಿದಿರಲಿಲ್ಲ.

"ಫೋನ್ ತೆಗೀರಿ ನೋಡೋಣ" ಎಂದರು.

ತೆಗೆದೆ. ಎರಡು ಲಕ್ಷದ ಎಂಬತ್ತೆರಡು ಸಾವಿರ.

"ಅಯ್ಯಯ್ಯೋ! ಹದಿನೆಂಟು ಸಾವಿರ ನುಂಗಿಬಿಟ್ರಲ್ಲ ಕಳ್ಳರು!"

"ಯಾರೂ ನುಂಗಿಲ್ಲ ಮಾಸ್ಟರ್. ಅದನ್ನ ಆರು ಕವರಲ್ಲಿ ನೀವೇ ತಂದು ಕೊಟ್ಟಿದ್ದೀರಿ. ಫಂಡು ಡಿವಿಡೆಂಡ್ ಕೊಟ್ಟ ದಿನ ನಿಮ್ಮ ಯೂನಿಟ್ ಬೆಲೆ ಅಷ್ಟೇ ಇಳಿಯುತ್ತೆ. ಫಂಡು ಬೆಳೆದ್ರೆ ಆ ಹಳ್ಳ ತುಂಬುತ್ತೆ. ಇದು ಬೆಳೆದಿಲ್ಲ."

ಬೇರೆ ಯಾರು ಹೇಗೆ ಹೇಳಿದ್ದರೂ ನನ್ನ ತಲೆಗೆ ಹೋಗುತ್ತಿರಲಿಲ್ಲವೇನೋ. ಆದರೆ ಮೇಜಿನ ಮೇಲಿದ್ದ ಕತ್ತರಿ ಕಣ್ಣಿಗೆ ಬಿತ್ತು.

"ಅಂದ್ರೆ, ಅಂಗಿಯ ಬೆನ್ನು ಕತ್ತರಿಸಿ ಎದೆಗೆ ಜೇಬು ಹೊಲಿದು, ನೋಡಿ ನನ್ನ ಜೇಬು ಅಂತ ಮೆರೆದ ಹಾಗಾಯ್ತು."

"ಮೇಲೆ ಆ ಜೇಬಿಗೆ ತೆರಿಗೆ ಬೇರೆ. ಬಂದ ಹದಿನೆಂಟು ಸಾವಿರವೂ ನಿಮ್ಮ ಆದಾಯಕ್ಕೆ ಸೇರುತ್ತೆ. ಡಿವಿಡೆಂಡ್ ಕೊಡದೆ ಒಳಗೇ ಬೆಳೆಸೋ ಗ್ರೋತ್ ಫಂಡ್ ತಗೊಂಡಿದ್ರೆ, ಬೇಕಾದಾಗ ಬೇಕಾದಷ್ಟು ತೆಗೀಬಹುದಿತ್ತು. ತೆಗೆದದ್ದರಲ್ಲಿ ಲಾಭ ಎಷ್ಟೋ ಅಷ್ಟಕ್ಕೆ ಮಾತ್ರ ತೆರಿಗೆ."

"ನಮ್ಮ ದುಡ್ಡು ನಮಗೇ ವಾಪಸ್ ಬಂದದ್ದಕ್ಕೂ ತೆರಿಗೆನಾ?"

"ಪಟ್ಟಿಯಿಂದ ಆರಿಸೋ ಮುಂಚೆ ಅದನ್ನೇ ಕೇಳಬೇಕಿತ್ತು."

ಹೆಂಡತಿ ಸ್ಟೂಲಿನಿಂದ ಎದ್ದು ಬಂದಳು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಊದಿದ ಬೆರಳುಗಳನ್ನು ಒಂದೊಂದಾಗಿ ಮಡಚಿ ಲೆಕ್ಕ ಹಾಕಿದಳು.

"ಅಂದ್ರೆ ನನ್ನ ದುಡ್ಡನ್ನ ನನಗೇ ಕೊಟ್ಟು ಆರು ಸಲ ಥ್ಯಾಂಕ್ಸ್ ಹೇಳಿಸ್ಕೊಂಡ್ರಾ? ದುಡ್ಡಿನ ಮಾತು ಹಾಗಿರ್ಲಿ. ಮೊದಲು ನನ್ನ ಥ್ಯಾಂಕ್ಸ್ ವಾಪಸ್ ಕೊಡಿ."

ಮೇಡಂ ಜೋರಾಗಿ ನಕ್ಕು, ಕಾಲರಿನ ಸೂಜಿ ಕುತ್ತಿಗೆಗೆ ಚುಚ್ಚಿಸಿಕೊಂಡು "ಹಾ!" ಎಂದರು. ನಾನೂ ನಕ್ಕೆ. ನಗದೆ ಇನ್ನೇನು ಮಾಡಲಿ, ಜೋಕು ನಾನೇ ಆಗಿದ್ದೆನಲ್ಲ.

ಮೇಡಂ ಹೋದ ಮೇಲೆ ನಗು ಇಂಗಿತು. ಹೆಂಡತಿ ಕಪಾಟಿನಿಂದ ಹಳೆಯ ತಗಡಿನ ಡಬ್ಬಿ ಇಳಿಸಿ, ಸೂಜಿಗೆ ದಾರ ಪೋಣಿಸಲು ಹೊರಟಳು. "ಇನ್ನು ಕಾಜಾ ಹೊರಗೆ ಕೊಡೋದು ಬೇಡ ಬಿಡಿ" ಎಂದಳು. ದಾರ ಎರಡು ಸಲ ಕೈತಪ್ಪಿತು.

"ಕೊಡು ಇಲ್ಲಿ. ನಾನು ಹಾಕ್ತೀನಿ."

"ನೀವಾ? ಕಾಜಾ ಏನು ಮಹಾ ವಿದ್ಯೆ ಅಂತಿದ್ರಿ."

"ಮಹಾ ವಿದ್ಯೆ ಅಲ್ಲ ಅಂತಾನೇ ಹೇಳ್ತಿದೀನಿ, ಕೊಡು."

ನಾಲ್ಕನೇ ಹೊಲಿಗೆಗೇ ಸೂಜಿ ಬೆರಳಿಗೆ ಇಳಿಯಿತು. ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಅವಳ ಲೋಹದ ಟೋಪಿ ಡಬ್ಬಿಯಲ್ಲಿತ್ತು. ಹಾಕಿಕೊಳ್ಳಲು ನೋಡಿದೆ, ನನ್ನ ಕಿರುಬೆರಳಿಗೂ ಅದು ಇಳಿಯಲಿಲ್ಲ.

"ಥತ್, ಇದು ನಿನಗೇ ಸರಿ" ಎಂದು ಅವಳ ಮುಂದೆ ಹಿಡಿದೆ.

ಅವಳು ಅದನ್ನು ತನ್ನ ನಡುಬೆರಳಿಗೆ ಇಟ್ಟಳು. ತುದಿಯ ಗಂಟಿನ ಹತ್ತಿರ ಅದು ನಿಂತುಬಿಟ್ಟಿತು.

"ಹಳೆ ಅಳತೆ ರೀ" ಎಂದಳು. "ಇದು ನನ್ನ ಬೆರಳಿಗೆ ಇಳಿಯದೆ ಮೂರು ವರ್ಷ ಆಯ್ತು."